ಬೆಂಗೇರಿಯ ಬಾವುಟಕ್ಕೆ ಬಿದ್ದ ಮುದ್ರೆ

ಭಾರತೀಯ ಮಾನಕ ಬ್ಯೂರೊದ ಪಟ್ಟಿಯಲ್ಲಿ ಇಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಾನಕಗಳಿವೆ. ಸಿಮೆಂಟು, ಕಬ್ಬಿಣದ ಸರಳು, ಪ್ರೆಷರ್ ಕುಕ್ಕರ್, ಹೆಲ್ಮೆಟ್, ಬಾಟಲಿ ನೀರು, ಮಕ್ಕಳ ಆಟಿಕೆ, ಹೀಗೆ ನಿತ್ಯದ ಬದುಕಿನ ನೂರಾರು ವಸ್ತುಗಳಿಗೆ ಅಲ್ಲೊಂದು ಸಂಖ್ಯೆಯಿದೆ. ಆದರೆ ಆ ಪಟ್ಟಿಯ ಮೊತ್ತಮೊದಲ ಸಂಖ್ಯೆಯಾದ ‘ಐಎಸ್ 1’ ಇವುಗಳಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಅದು ರಾಷ್ಟ್ರಧ್ವಜದ್ದು. ಹತ್ತಿಯ ಖಾದಿಯಿಂದ ಮಾಡಿದ ಬಾವುಟ ಹೇಗಿರಬೇಕು ಎಂಬುದನ್ನು ಹೇಳುವ ಈ ಮಾನಕ ಹೊರಬಂದದ್ದು 1951ರಲ್ಲಿ. ಅದಾಗಿ ಐವತ್ತೈದು ವರ್ಷಗಳ ನಂತರ, 2006ರಲ್ಲಿ, ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಸಂಸ್ಥೆಯೊಂದು ಈ ಮಾನಕಕ್ಕೆ ತಕ್ಕಂತೆ ಧ್ವಜ ತಯಾರಿಸುವ ಪ್ರಮಾಣೀಕರಣ ಪಡೆಯಿತು. ಬಹುಕಾಲ ದೇಶದಲ್ಲಿ ಇಂಥ ಮಾನ್ಯತೆಯಿರುವ ಏಕೈಕ ಘಟಕವೆಂದೇ ಅದು ಹೆಸರಾಗಿತ್ತು.

ದೊಡ್ಡ ಕಾರ್ಖಾನೆಗಳು ಗುಣಮಟ್ಟದ ಪ್ರಮಾಣಪತ್ರ ಪಡೆಯುವುದರಲ್ಲಿ ಅಚ್ಚರಿಯೇನಿಲ್ಲ. ಅವುಗಳಿಗೆ ಪ್ರಯೋಗಾಲಯವಿರುತ್ತದೆ, ಎಂಜಿನಿಯರುಗಳಿರುತ್ತಾರೆ, ಕಾಗದಪತ್ರ ನೋಡಿಕೊಳ್ಳಲೆಂದೇ ಒಂದು ವಿಭಾಗವಿರುತ್ತದೆ. ಆದರೆ ಕೈಯಿಂದ ನೂತ ನೂಲು, ಕೈಮಗ್ಗದ ಬಟ್ಟೆ, ಹಳ್ಳಿಯ ಹೆಣ್ಣುಮಕ್ಕಳ ದುಡಿಮೆ ಇಷ್ಟನ್ನೇ ನೆಚ್ಚಿಕೊಂಡ ಸಂಸ್ಥೆಯೊಂದು ಎಳೆ ಎಳೆಯನ್ನೂ ಎಣಿಸಿ ನೋಡುವ ಪರೀಕ್ಷೆಗೆ ಒಡ್ಡಿಕೊಂಡು ಗೆದ್ದದ್ದು ಹೇಗೆ? ಗೆದ್ದ ಮೇಲೆ ಅದರಿಂದ ದಕ್ಕಿದ್ದೇನು? ಈ ಪ್ರಶ್ನೆಗಳು ಖಾದಿಗಷ್ಟೇ ಸೇರಿದವಲ್ಲ, ನಾಡಿನ ಸಣ್ಣ ಉದ್ದಿಮೆಗಳೆಲ್ಲವೂ ಎಂದಾದರೊಂದು ದಿನ ಎದುರಿಸಬೇಕಾದಂಥವು.

ಯಾವ ಕೇಸರಿ?

1947ರ ಜುಲೈ 22ರಂದು ಸಂವಿಧಾನ ರಚನಾ ಸಭೆಯಲ್ಲಿ ಜವಾಹರಲಾಲ್ ನೆಹರೂ ರಾಷ್ಟ್ರಧ್ವಜದ ನಿರ್ಣಯ ಮಂಡಿಸಿದರು. ಅಂದು ಸಭೆಗೆ ತೋರಿಸಿದ್ದು ಎರಡು ಬಾವುಟಗಳನ್ನು. ಒಂದು ರೇಷ್ಮೆಯದ್ದು, ಇನ್ನೊಂದು ಹತ್ತಿಯ ಖಾದಿಯದ್ದು. ನಿರ್ಣಯದ ಮಾತುಗಳು ಸರಳವಾಗಿದ್ದವು. ಗಾಢ ಕೇಸರಿ, ಬಿಳಿ, ಕಡು ಹಸಿರು ಬಣ್ಣದ ಮೂರು ಅಡ್ಡಪಟ್ಟಿಗಳು ಸಮಪ್ರಮಾಣದಲ್ಲಿರಬೇಕು. ನಡುವೆ ಕಡುನೀಲಿ ಚಕ್ರ. ಚಕ್ರದ ವ್ಯಾಸ ಸರಿಸುಮಾರು ಬಿಳಿಪಟ್ಟಿಯ ಅಗಲದಷ್ಟು. ಧ್ವಜದ ಅಗಲಕ್ಕೂ ಉದ್ದಕ್ಕೂ ಸಾಧಾರಣವಾಗಿ ಎರಡಕ್ಕೆ ಮೂರರ ಪ್ರಮಾಣ.

‘ಸರಿಸುಮಾರು’, ‘ಸಾಧಾರಣವಾಗಿ’ ಎಂಬ ಮಾತುಗಳು ಸಭೆಯ ನಿರ್ಣಯಕ್ಕೆ ಸಾಕು, ದರ್ಜಿಗೂ ಬಣ್ಣಗಾರನಿಗೂ ಸಾಲವು. ಗಾಢ ಕೇಸರಿ ಎಂದರೆ ಯಾವ ಕೇಸರಿ? ಚೆಂಡುಹೂವಿನದ್ದೋ, ಸನ್ಯಾಸಿಯ ಕಾವಿಯದ್ದೋ, ಮದುವೆ ಮನೆಯ ಕೇಸರಿಬಾತಿನದ್ದೋ? ಒಂದೊಂದು ಊರಿನ ಬಣ್ಣಗಾರನ ಕಣ್ಣಿಗೆ ಒಂದೊಂದು ಕೇಸರಿ. ಸಭೆ ಒಪ್ಪಿದ ಧ್ವಜ ಒಂದೇ ಆದರೂ ಹಾರುವ ಬಾವುಟಗಳು ನಾನಾ ಬಣ್ಣದವಾಗುವುದನ್ನು ತಪ್ಪಿಸಬೇಕಾದರೆ ಮಾತನ್ನು ಅಂಕಿಯಾಗಿ ಬದಲಿಸಬೇಕಿತ್ತು.

ಆ ಕೆಲಸಕ್ಕೆ ಸಂಸ್ಥೆಯೊಂದು ಆಗಲೇ ಹುಟ್ಟಿಕೊಂಡಿತ್ತು. 1947ರ ಜನವರಿ 6ರಂದು, ಸ್ವಾತಂತ್ರ್ಯಕ್ಕೆ ಏಳು ತಿಂಗಳು ಮೊದಲೇ, ಭಾರತೀಯ ಮಾನಕ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಮನೆಮಾತಾದ ‘ಐಎಸ್‌ಐ’ ಎಂಬುದು ಇದರದೇ ಹೆಸರು. ಡಾ. ಲಾಲ್‌ಚಂದ್ ವರ್ಮನ್ ಅದರ ಮೊದಲ ನಿರ್ದೇಶಕರು. ಕೈಗಾರಿಕೆಯೇ ಅಷ್ಟಾಗಿ ಬೆಳೆಯದ ದೇಶದಲ್ಲಿ ಮೊದಲ ಮಾನಕ ಯಾವುದಕ್ಕಿರಬೇಕು ಎಂಬುದರಲ್ಲಿ ಅವರಿಗೆ ಹೆಚ್ಚಿನ ಗೊಂದಲ ಇದ್ದಂತೆ ಕಾಣದು. ಒಂದನೆಯ ಸಂಖ್ಯೆ ಬಾವುಟಕ್ಕೇ ಹೋಯಿತು. ದೇಶ ಮೆಟ್ರಿಕ್ ಅಳತೆಗೆ ಹೊರಳಿದ ಮೇಲೆ 1964ರಲ್ಲಿ ಅದರ ಅಳತೆಗಳನ್ನು ಬದಲಿಸಲಾಯಿತು, 1968ರಲ್ಲಿ ಮತ್ತೆ ಪರಿಷ್ಕರಿಸಲಾಯಿತು.

ಈ ಮಾನಕ ಓದಿದವರಿಗೆ ಬಾವುಟ ಹೊಲಿಯುವುದು ಇಷ್ಟು ಕಷ್ಟವೇ ಎನ್ನಿಸದಿರದು. ಧ್ವಜಕ್ಕೆ ಒಂಬತ್ತು ಅಳತೆಗಳು. ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಮಿಲಿಮೀಟರ್ ಅಗಲ, ಅಂದರೆ ಸುಮಾರು 21 ಅಡಿಗೆ 14 ಅಡಿ. ಚಿಕ್ಕದು 150ಕ್ಕೆ 100 ಮಿಲಿಮೀಟರ್, ಮೇಜಿನ ಮೇಲಿಡುವಂಥದ್ದು. ಗಣ್ಯರ ಕಾರಿನ ಮುಂದೆ ಹಾರುವ ಬಾವುಟ 225ಕ್ಕೆ 150, ಅತಿಗಣ್ಯರ ವಿಮಾನದಲ್ಲಿನದು 450ಕ್ಕೆ 300. ‘ಸರಿಸುಮಾರು’ ಎಂದಿದ್ದ ಚಕ್ರದ ವ್ಯಾಸಕ್ಕೂ ಲೆಕ್ಕ ಸಿಕ್ಕಿತು. 900ಕ್ಕೆ 600 ಮಿಲಿಮೀಟರಿನ ಧ್ವಜದಲ್ಲಿ ಬಿಳಿಪಟ್ಟಿ 200 ಮಿಲಿಮೀಟರ್, ಚಕ್ರ 185. ಅತಿ ದೊಡ್ಡದರಲ್ಲಿ ಚಕ್ರವೇ 1295 ಮಿಲಿಮೀಟರ್, ನಾಲ್ಕು ವರ್ಷದ ಮಗುವಿನ ಎತ್ತರಕ್ಕೂ ಮಿಗಿಲು. ಬಣ್ಣವನ್ನು ಹೂವಿಗೋ ಹಣ್ಣಿಗೋ ಹೋಲಿಸದೆ, ಬೆಳಕಿನ ವಿಜ್ಞಾನ ಬಳಸುವ ಅಂಕಿಗಳಲ್ಲಿ ಹೇಳಲಾಯಿತು. ಕೇಸರಿಯ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು.

ಇನ್ನು ಬಟ್ಟೆ. ಬಾವುಟಕ್ಕೆ ಎರಡು ಬಗೆಯ ಖಾದಿ ಬೇಕು. ಬಂಟಿಂಗ್ ಎಂಬ ತೆಳುವಾದ ಬಟ್ಟೆ ಧ್ವಜದ ಮೈಗೆ. ಡಕ್ ಎಂಬ ದಪ್ಪನೆಯ, ಮಾಸಲು ಬಣ್ಣದ ಬಟ್ಟೆ ಕಂಬದ ಬದಿಯ ಪಟ್ಟಿಗೆ. ಹಗ್ಗ ತೂರುವುದು ಈ ಪಟ್ಟಿಯೊಳಗೇ ಆದ್ದರಿಂದ ಗಾಳಿಯ ಸೆಳೆತವನ್ನೆಲ್ಲ ತಾಳಿಕೊಳ್ಳುವುದು ಡಕ್. ಎಳೆಗಳ ಸಂಖ್ಯೆ, ಬಟ್ಟೆಯ ತೂಕ, ಬಣ್ಣದ ಗಟ್ಟಿತನ, ಹೊಲಿಗೆ, ಕಡೆಗೆ ಹಗ್ಗವನ್ನೂ ಮಾನಕ ಬಿಟ್ಟಿಲ್ಲ.

ಮುದ್ರೆಯ ಹಳೆಯ ಕಥೆ

ಸರಕಿಗೆ ಮುದ್ರೆ ಒತ್ತುವುದು ಹೊಸದೇನಲ್ಲ. ತೂಕದ ಕಲ್ಲುಗಳನ್ನು ನಾಲ್ಕು ತಿಂಗಳಿಗೊಮ್ಮೆ ಅಧಿಕಾರಿಯ ಬಳಿ ತಂದು ಮುದ್ರೆ ಹಾಕಿಸಿಕೊಳ್ಳಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಬಳ್ಳಿಗಾವೆಯ ಶಾಸನಗಳಲ್ಲಿ ಭೇರುಂಡ ಗಳೆ ಎಂಬ ಅಳತೆಕೋಲಿನ ಹೆಸರು ಬರುತ್ತದೆ. ಐಹೊಳೆಯ ಐನೂರ್ವರಂಥ ವರ್ತಕರ ಸಂಘಗಳು ದೂರದೂರದ ಸಂತೆಗಳಲ್ಲಿ ವ್ಯಾಪಾರ ನಡೆಸಿದ್ದು ಮಾತಿನ ನಂಬಿಕೆಯ ಮೇಲಷ್ಟೇ ಅಲ್ಲ, ಒಪ್ಪಿತ ಅಳತೆಯ ಮೇಲೂ ಹೌದು. ಲಂಡನ್ನಿನಲ್ಲಿ ಅಕ್ಕಸಾಲಿಗರ ಹಾಲ್‌ಗೆ ಒಯ್ದು ಪರೀಕ್ಷೆ ಮಾಡಿಸಿದ ಬೆಳ್ಳಿಬಂಗಾರಕ್ಕೆ ಒತ್ತಿದ ಗುರುತಿನಿಂದಲೇ ‘ಹಾಲ್‌ಮಾರ್ಕ್’ ಎಂಬ ಮಾತು ಹುಟ್ಟಿದ್ದು.

ಆಧುನಿಕ ಭಾರತದಲ್ಲಿ ಮೊದಲು ಬಂದದ್ದು 1937ರ ಕಾಯ್ದೆಯ ಅಗ್‌ಮಾರ್ಕ್. ಅದು ತುಪ್ಪ, ಜೇನು, ಎಣ್ಣೆಯಂಥ ಕೃಷಿ ಉತ್ಪನ್ನಗಳಿಗೆ. ಮಿಕ್ಕ ಸರಕಿಗೆ ಐಎಸ್‌ಐ ಗುರುತು ಒತ್ತಲು ಅವಕಾಶವಾದದ್ದು 1952ರ ಕಾಯ್ದೆಯಿಂದ. 1986ರಲ್ಲಿ ಮತ್ತೊಂದು ಕಾಯ್ದೆ ಬಂದು, ಮರುವರ್ಷ ಮಾನಕ ಸಂಸ್ಥೆಯೇ ಭಾರತೀಯ ಮಾನಕ ಬ್ಯೂರೊ ಆಯಿತು. ಹೆಸರು ಬದಲಾದರೂ ಗುರುತು ಉಳಿಯಿತು. ಅಂಗಡಿಗೆ ಹೋದ ಗೃಹಿಣಿ ಇಂದಿಗೂ ಕೇಳುವುದು “ಐಎಸ್‌ಐ ಐತೇನ್ರಿ?” ಎಂದೇ.

ಈ ಗುರುತಿನ ಹಿಂದಿನ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ತಯಾರಿಸಿದ ವಸ್ತುವನ್ನು ಒಮ್ಮೆ ಪರೀಕ್ಷೆಗೆ ಕೊಟ್ಟು, ಪಾಸಾದರೆ ಮುಗಿಯಿತು ಎನ್ನುವಂತಿಲ್ಲ. ಪರವಾನಗಿ ಪಡೆದವನು ಪ್ರತಿಯೊಂದು ಲಾಟನ್ನೂ ನಿಗದಿತ ಕ್ರಮದಲ್ಲಿ ಪರೀಕ್ಷಿಸಿ ದಾಖಲೆ ಇಡಬೇಕು. ಅಳೆಯುವ ಉಪಕರಣಗಳನ್ನೇ ಆಗಾಗ್ಗೆ ತಾಳೆ ನೋಡಿಸಬೇಕು. ಬ್ಯೂರೊದ ಅಧಿಕಾರಿಗಳು ಹೇಳದೆ ಕೇಳದೆ ಬಂದು ಮಾದರಿ ಎತ್ತಿಕೊಂಡು ಹೋಗಬಹುದು. ಕಾರ್ಖಾನೆಯಿಂದಷ್ಟೇ ಅಲ್ಲ, ಪೇಟೆಯ ಅಂಗಡಿಯಿಂದಲೂ ಒಯ್ಯಬಹುದು. ಪರವಾನಗಿಗೆ ಅವಧಿಯಿದೆ, ಶುಲ್ಕವಿದೆ, ನವೀಕರಣವಿದೆ, ತಪ್ಪಿದರೆ ರದ್ದತಿಯೂ ಇದೆ.

ಇದರ ಜೊತೆಗೆ ಎಂಬತ್ತು ತೊಂಬತ್ತರ ದಶಕಗಳಲ್ಲಿ ಇನ್ನೊಂದು ಅಲೆ ಎದ್ದಿತು. ವಸ್ತುವನ್ನಲ್ಲ, ಅದನ್ನು ತಯಾರಿಸುವ ಪದ್ಧತಿಯನ್ನೇ ಪರೀಕ್ಷಿಸಬೇಕೆಂಬ ವಾದ ಅದು. ಇದರ ಮೂಲವಿರುವುದು ಯುದ್ಧ ಸಾಮಗ್ರಿಯಲ್ಲಿ. ಅಮೆರಿಕದ ಸೇನೆ 1959ರಲ್ಲಿ ತನ್ನ ಸರಬರಾಜುದಾರರಿಗೆ ಇಂಥ ನಿಯಮಾವಳಿ ಮಾಡಿತು. ಬ್ರಿಟನ್ನು 1979ರಲ್ಲಿ ‘ಬಿಎಸ್ 5750’ ಹೊರತಂದಿತು. 1987ರಲ್ಲಿ ಅದೇ ಜಾಡಿನಲ್ಲಿ ‘ಐಎಸ್‌ಒ 9000’ ಹುಟ್ಟಿತು. ನಮ್ಮಲ್ಲಿ ಆರ್ಥಿಕ ಉದಾರೀಕರಣ ಬಂದ ಹೊತ್ತಿಗೆ ರಫ್ತು ಮಾಡುವ ಕಂಪನಿಗಳಿಗೆ ಇದು ಪಾಸ್‌ಪೋರ್ಟಿನಂತಾಯಿತು. ದೊಡ್ಡ ಕಂಪನಿಗಳು ತಮಗೆ ಬಿಡಿಭಾಗ ಒದಗಿಸುವ ಸಣ್ಣವರಿಂದಲೂ ಅದನ್ನೇ ಕೇಳತೊಡಗಿದವು. ಪೀಣ್ಯದ ಶೆಡ್ಡುಗಳಿಗೂ ಬೆಳಗಾವಿಯ ಉದ್ಯಮಬಾಗದ ಎರಕದ ಘಟಕಗಳಿಗೂ ಈ ನಾಲ್ಕಂಕಿಯ ಹೆಸರು ಪರಿಚಯವಾದದ್ದು ಹಾಗೆ. 1994ರಲ್ಲಿ ಕೇಂದ್ರ ಸರ್ಕಾರ ಸಣ್ಣ ಕೈಗಾರಿಕೆಗಳಿಗೆ ಈ ಪ್ರಮಾಣಪತ್ರದ ಖರ್ಚಿನಲ್ಲಿ ಶೇಕಡ 75ರಷ್ಟನ್ನು, 75 ಸಾವಿರ ರೂಪಾಯಿಯ ಮಿತಿಗೆ ಒಳಪಟ್ಟು, ಮರಳಿ ಕೊಡುವ ಯೋಜನೆಯನ್ನೂ ತಂದಿತು.

ಸಣ್ಣ ಉದ್ದಿಮೆಗೆ ತೊಡಕಾದದ್ದು ಹಣವೊಂದೇ ಅಲ್ಲ. ಹತ್ತು ಹದಿನೈದು ಜನರ ಶೆಡ್ಡಿನಲ್ಲಿ ಗುಣಮಟ್ಟ ಇರುವುದು ಮಾಲೀಕನ ತಲೆಯಲ್ಲಿ, ಹಳೆಯ ಕೆಲಸಗಾರನ ಬೆರಳ ತುದಿಯಲ್ಲಿ. ಲೇತಿನ ಸದ್ದು ಕೇಳಿಯೇ ಉಳಿ ಮೊಂಡಾಗಿದೆ ಎಂದು ಹೇಳಬಲ್ಲ ಕೆಲಸಗಾರನಿಗೆ ಅದನ್ನೇ ಕಾಗದದ ಮೇಲೆ ಬರೆ ಎಂದರೆ ಕೈ ಓಡದು. ಫಲವಾಗಿ ಅನೇಕ ಕಡೆ ತಪಾಸಣೆಯ ಹಿಂದಿನ ರಾತ್ರಿ ರಿಜಿಸ್ಟರು ತುಂಬುವ ಸಂಪ್ರದಾಯ ಬೆಳೆಯಿತು. ಪ್ರಮಾಣಪತ್ರ ಗೋಡೆಯ ಮೇಲೆ ದೇವರ ಪಟದ ಪಕ್ಕ, ಕೆಲಸ ಮಾತ್ರ ಎಂದಿನಂತೆ. ಈ ವ್ಯವಸ್ಥೆಯನ್ನು ಟೀಕಿಸುವವರು ಎತ್ತಿ ತೋರುವುದು ಇದನ್ನೇ, ಅದರಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಬಾವುಟದ ವಿಷಯದಲ್ಲಿ ಈ ಜಾಣತನ ನಡೆಯುವಂತಿರಲಿಲ್ಲ. ಅಲ್ಲಿ ಪರೀಕ್ಷೆಗೆ ಹೋಗುವುದು ಬಟ್ಟೆ.

ಗಾಂಧಿ ಟೋಪಿಯ ನಾಡು

ಬಾವುಟಕ್ಕೂ ಹುಬ್ಬಳ್ಳಿಗೂ ನಂಟು ಹಳೆಯದು. 1923ರ ನಾಗಪುರ ಧ್ವಜ ಸತ್ಯಾಗ್ರಹಕ್ಕೆ ಡಾ. ನಾ.ಸು. ಹರ್ಡೀಕರ್ ತಮ್ಮ ಹುಬ್ಬಳ್ಳಿಯ ಸ್ವಯಂಸೇವಕರೊಡನೆ ಹೋಗಿ ಜೈಲು ಸೇರಿದರು. ಕ್ಷಮೆ ಕೇಳಿ ಹೊರಬರಲು ಒಪ್ಪದ ಆ ಪಡೆಯ ಶಿಸ್ತು ನಾಯಕರ ಗಮನ ಸೆಳೆಯಿತು. ಅದೇ ವರ್ಷದ ಕಾಕಿನಾಡ ಅಧಿವೇಶನದಲ್ಲಿ ಸೇವಾದಳ ರೂಪುಗೊಂಡಿತು. ಹಳೆಯ ಮೈಸೂರು ಸೀಮೆಯಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ವಿದುರಾಶ್ವತ್ಥದ ಗೋಲಿಬಾರು, ಎರಡೂ 1938ರ ಏಪ್ರಿಲ್ ತಿಂಗಳಿನವು. ಅಲ್ಲಿ ಜನ ಪ್ರಾಣ ತೆತ್ತದ್ದು ಬಾವುಟ ಹಾರಿಸುವ ಹಕ್ಕಿಗಾಗಿ. ಅಂದು ಅದರ ಎಳೆ ಎಣಿಸುವವರು ಯಾರೂ ಇರಲಿಲ್ಲ ಎಂಬುದು ಬೇರೆ ಮಾತು.

ಧಾರವಾಡ ಸೀಮೆಯಲ್ಲಿ ಹತ್ತಿಯಿತ್ತು, ನೇಯ್ಗೆಯಿತ್ತು, ಗಾಂಧೀಜಿಯ ಮಾತನ್ನು ನಂಬಿದ ಜನರಿದ್ದರು. ಏಕೀಕರಣವಾದ ಮರುವರ್ಷ, 1957ರ ನವೆಂಬರಿನಲ್ಲಿ, ವೆಂಕಟೇಶ ಮಾಗಡಿ ಮೊದಲಾದ ಗಾಂಧಿವಾದಿಗಳು ಹುಬ್ಬಳ್ಳಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನು ಕಟ್ಟಿದರು. ನಾಡಿನ ಖಾದಿ ಸಂಸ್ಥೆಗಳನ್ನು ಒಂದು ಚಾವಣಿಯಡಿ ತರುವುದು ಅದರ ಉದ್ದೇಶ. ಬೆಂಗೇರಿಯ ಹದಿನೇಳು ಎಕರೆಯಲ್ಲಿ ಅದು ಬೆಳೆಯಿತು. ಧ್ವಜದ ಬಟ್ಟೆಯ ನೇಯ್ಗೆಗೆ ಹೆಸರಾದ ಊರುಗಳು ಬೇರೆ. ಧಾರವಾಡ ತಾಲ್ಲೂಕಿನ ಗರಗ ಒಂದು, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಇನ್ನೊಂದು.

ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿ ಬಾವುಟದ ನಿಯಮಗಳೂ ಬದಲಾದವು. 2002ರ ಜನವರಿ 26ರಂದು ಜಾರಿಗೆ ಬಂದ ಧ್ವಜ ಸಂಹಿತೆ ಸಾಮಾನ್ಯ ನಾಗರಿಕರಿಗೂ ವರ್ಷದ ಎಲ್ಲ ದಿನ ಬಾವುಟ ಹಾರಿಸುವ ಅವಕಾಶ ಕೊಟ್ಟಿತು. ಅದು ಮೂಲಭೂತ ಹಕ್ಕೆಂದು 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆದರೆ ಸಂಹಿತೆಯ ಪ್ರಕಾರ ಧ್ವಜ ಕೈಯಿಂದ ನೂತು ಕೈಯಿಂದ ನೇಯ್ದ ಹತ್ತಿ, ಉಣ್ಣೆ ಅಥವಾ ರೇಷ್ಮೆಯ ಖಾದಿಯದ್ದೇ ಆಗಿರಬೇಕಿತ್ತು. ಬೆಂಗೇರಿಯಲ್ಲಿ ಧ್ವಜ ತಯಾರಿಕೆ ಆರಂಭವಾದದ್ದು ಅದೇ 2004ರಲ್ಲಿ.

ಎಳೆ ಎಣಿಸುವ ಕೆಲಸ

ಇಲ್ಲಿ ಬರುತ್ತದೆ ನಿಜವಾದ ತೊಡಕು. ಗಿರಣಿಯ ನೂಲು ಮೊದಲ ಮೀಟರಿನಿಂದ ಕೊನೆಯ ಮೀಟರಿನವರೆಗೆ ಒಂದೇ ದಪ್ಪ. ಕೈನೂಲು ಹಾಗಲ್ಲ. ಒಬ್ಬಾಕೆ ನೂತದ್ದು ತುಸು ತೆಳು, ಪಕ್ಕದಾಕೆಯದು ತುಸು ದಪ್ಪ. ಬೆಳಿಗ್ಗೆಯ ನೂಲಿಗೂ ದಣಿದ ಸಂಜೆಯ ನೂಲಿಗೂ ವ್ಯತ್ಯಾಸ. ಖಾದಿಯ ಚೆಲುವಿರುವುದೇ ಈ ಏರಿಳಿತದಲ್ಲಿ ಎಂದು ಮೆಚ್ಚುವವರುಂಟು. ಮಾನಕಕ್ಕೆ ಈ ಚೆಲುವು ಬೇಕಿಲ್ಲ. ಇಷ್ಟು ಜಾಗದಲ್ಲಿ ಇಷ್ಟು ಎಳೆ, ಇಷ್ಟು ತೂಕ ಎಂದರೆ ಅಷ್ಟೇ. ನೂಲು ದಪ್ಪವಾದರೆ ತೂಕ ಏರುತ್ತದೆ, ತೆಳುವಾದರೆ ಬಟ್ಟೆ ಗಾಳಿಗೆ ಸೀಳುತ್ತದೆ. ಹೀಗಾಗಿ ಗುಣಮಟ್ಟದ ಕೆಲಸ ಶುರುವಾಗುವುದು ಹೊಲಿಗೆ ಯಂತ್ರದ ಬಳಿಯಲ್ಲ, ಹಂಜಿಯ ಬಳಿ. ನೂಲುವವರ ಕೈಗೆ ಸಿಗುವ ಹಂಜಿ ಒಂದೇ ಸಮನಾಗಿರಲೆಂದು ಖಾದಿ ಆಯೋಗ ದೇಶದ ಕೆಲವೆಡೆ ಯಂತ್ರದ ಹಂಜಿ ಘಟಕಗಳನ್ನು ಸ್ಥಾಪಿಸಿದೆ. ಅವುಗಳಲ್ಲೊಂದು ಚಿತ್ರದುರ್ಗದಲ್ಲಿದೆ.

ಮಗ್ಗದಿಂದ ಇಳಿದ ಬಟ್ಟೆ ಬಣ್ಣಕ್ಕೆ ಹೋಗುವ ಮುನ್ನ ಬ್ಯೂರೊದ ಪ್ರಯೋಗಾಲಯದಲ್ಲಿ ಪಾಸಾಗಬೇಕು. ಅಲ್ಲಿಂದ ಮರಳಿದ ಬಟ್ಟೆಯನ್ನು ಮೂರು ಪಾಲು ಮಾಡಿ ಒಂದಕ್ಕೆ ಕೇಸರಿ, ಒಂದಕ್ಕೆ ಹಸಿರು ಹಾಕಿ, ಇನ್ನೊಂದನ್ನು ಬಿಳಿ ಮಾಡುತ್ತಾರೆ. ಬಿಳಿಪಟ್ಟಿಯ ಮೇಲೆ ಇಪ್ಪತ್ನಾಲ್ಕು ಅರೆಗಳ ಚಕ್ರದ ಅಚ್ಚು. ಕೇಳಲು ಸುಲಭ. ಆದರೆ ಚಕ್ರ ಬಟ್ಟೆಯ ಎರಡೂ ಮೈಯಲ್ಲಿ ಇರಬೇಕು, ಒಂದು ಇನ್ನೊಂದರ ಮೇಲೆ ಕರಾರುವಾಕ್ಕಾಗಿ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಬಿಸಿಲಿಗೆ ಹಿಡಿದಾಗ ಜೋಡಿ ಚಕ್ರ ಕಾಣುತ್ತದೆ. ಆಮೇಲೆ ಅಳತೆಗೆ ಕತ್ತರಿಸಿ ಹೊಲಿಗೆ, ಕಂಬದ ಬದಿಗೆ ಡಕ್ ಪಟ್ಟಿ, ಹಗ್ಗ, ಟಾಗಲ್ ಎನ್ನುವ ಮರದ ತುಂಡು, ಇಸ್ತ್ರಿ. ಕೊನೆಗೆ ಮತ್ತೆ ಪರೀಕ್ಷೆ. ಎಲ್ಲಿಯೇ ತಪ್ಪಿದರೂ ಆ ಬಾವುಟ ಮಾರಾಟಕ್ಕಿಲ್ಲ.

ಈ ದುಡಿಮೆಯಲ್ಲಿ ಹೆಚ್ಚಿನವರು ಮಹಿಳೆಯರು. ಕಾರ್ಖಾನೆಯ ಗುಣಮಟ್ಟ ತಜ್ಞರು ದೊಡ್ಡ ದೊಡ್ಡ ಹೆಸರಿಟ್ಟು ಕರೆಯುವ ಕೆಲಸಗಳನ್ನು ಇಲ್ಲಿ ಹೊಲಿಗೆಯಾಕೆ ಮಾಡುತ್ತಾಳೆ. ಹಿಂದಿನವರ ಕೆಲಸವನ್ನು ನೋಡಿಯೇ ತನ್ನ ಕೆಲಸಕ್ಕೆ ಕೈ ಹಚ್ಚುವುದು, ದೋಷ ಕಂಡ ತುಂಡನ್ನು ಅಲ್ಲೇ ಬದಿಗಿಡುವುದು, ಯಾವ ಲಾಟಿನ ಬಟ್ಟೆ ಯಾವ ಬಾವುಟಕ್ಕೆ ಹೋಯಿತೆಂಬ ಲೆಕ್ಕ ಉಳಿಯುವಂತೆ ನೋಡಿಕೊಳ್ಳುವುದು. ಸಣ್ಣ ಉದ್ದಿಮೆಯಲ್ಲಿ ಗುಣಮಟ್ಟದ ಪದ್ಧತಿ ಬೇರು ಬಿಡಬೇಕಾದರೆ ಅದು ಫೈಲಿನಲ್ಲಿರದೆ ಇಂಥ ಕೈಗಳಲ್ಲಿರಬೇಕು. ಬೆಂಗೇರಿಯಲ್ಲಿ ಅದು ಸಾಧ್ಯವಾದದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು. ಬಾವುಟ ಹೊಲಿಯುವಾಕೆಗೆ ತಾನು ಏನನ್ನು ಹೊಲಿಯುತ್ತಿದ್ದೇನೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕೊಳ್ಳುವವರ ಕಟ್ಟಳೆ

ಪ್ರಮಾಣಪತ್ರಕ್ಕೆ ಬೆಲೆ ಬರುವುದು ಕೊಳ್ಳುವವನು ಅದನ್ನು ಕೇಳಿದಾಗ. ಖಾದಿಯ ಬಾವುಟ ಅಗ್ಗವಲ್ಲ. ಅದರ ಬೆಲೆಯಲ್ಲಿ ಮನುಷ್ಯರ ದುಡಿಮೆಯ ಪಾಲು ಹೆಚ್ಚು, ಬದಿಗಿಟ್ಟ ತುಂಡುಗಳ ನಷ್ಟವೂ ಸೇರಿರುತ್ತದೆ. ಜನವರಿ, ಆಗಸ್ಟ್ ಬಂದರೆ ಬೇಡಿಕೆ, ಮಿಕ್ಕಂತೆ ಮಂದ. ಆದರೂ ಸರ್ಕಾರಿ ಕಚೇರಿಗಳೂ ಶಾಲೆಗಳೂ ಖಾದಿಯನ್ನೇ ಕೊಳ್ಳಬೇಕೆಂಬ ನಿಯಮ ಇದ್ದುದರಿಂದ ಮಗ್ಗಗಳು ನಡೆದವು. ಬೀದಿಯಲ್ಲಿ ಪ್ಲಾಸ್ಟಿಕ್, ಪಾಲಿಸ್ಟರ್ ಬಾವುಟಗಳ ಮಾರಾಟ ನಡೆದೇ ಇತ್ತು, ಕಾನೂನಿನ ಕಣ್ಣಿಗೆ ಮಾತ್ರ ಅವು ಬಾವುಟಗಳಾಗಿರಲಿಲ್ಲ.

2021ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ಧ್ವಜ ಸಂಹಿತೆಗೆ ತಿದ್ದುಪಡಿ ತಂದಿತು. ಯಂತ್ರದಿಂದ ತಯಾರಾದ ಬಾವುಟಗಳಿಗೂ ಪಾಲಿಸ್ಟರ್ ಬಟ್ಟೆಗೂ ಅನುಮತಿ ಸಿಕ್ಕಿತು. ಮರುವರ್ಷ ಸ್ವಾತಂತ್ರ್ಯದ ಅಮೃತ ಮಹೋತ್ಸವದ ‘ಹರ್ ಘರ್ ತಿರಂಗಾ’ ಅಭಿಯಾನ ನಡೆಯಿತು. ಮನೆ ಮನೆಗೂ ಬಾವುಟ ತಲುಪಬೇಕಾದರೆ ಖಾದಿಯೊಂದರಿಂದ ಆಗದು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಕೋಟಿಗಟ್ಟಲೆ ಬಾವುಟಗಳನ್ನು ಕೆಲವೇ ತಿಂಗಳಲ್ಲಿ ನೂತು ನೇಯ್ದು ಕೊಡುವ ಶಕ್ತಿ ದೇಶದ ಯಾವ ಖಾದಿ ಸಂಸ್ಥೆಗೂ ಇರಲಿಲ್ಲ. ಆದರೆ ಅವಸರದ ಒಂದು ಆಗಸ್ಟಿಗಾಗಿ ಮಾಡಿದ ಸಡಿಲಿಕೆಗೆ ಆಗಸ್ಟಿನ ಗಡಿಯನ್ನೇನೂ ಹಾಕಲಿಲ್ಲ. ಸರ್ಕಾರಿ ಕಟ್ಟಡದ ಮೇಲೆ ಹಾರುವುದಕ್ಕೆ ಒಂದು ನಿಯಮ, ಮನೆಯ ತಾರಸಿಯ ಮೇಲಿನದಕ್ಕೆ ಇನ್ನೊಂದು ನಿಯಮ ಎಂಬ ವಿಂಗಡಣೆಯನ್ನೂ ಮಾಡಲಿಲ್ಲ. ಬೆಂಗೇರಿಗೆ ಪೆಟ್ಟಾದದ್ದು ಇಲ್ಲಿ.

ಬೆಂಗೇರಿಯ ಸಂಘ ತಿದ್ದುಪಡಿಯನ್ನು ವಿರೋಧಿಸಿತು. 2022ರ ಜುಲೈನಲ್ಲಿ ಬಾವುಟ ತಯಾರಕರೇ ಪ್ರತಿಭಟನೆಗೆ ಕುಳಿತರು. ಯಂತ್ರದ ಪೈಪೋಟಿ ಖಾದಿಗೆ ಹೊಸದಲ್ಲ, ಅದು ಹುಟ್ಟಿದ್ದೇ ಆ ಪೈಪೋಟಿಯ ನಡುವೆ. ಅವರ ಅಳಲು ಬೇರೆ. ಎಳೆ ಎಣಿಸಿ, ಬಣ್ಣ ಅಳೆದು, ಇಷ್ಟು ಕಟ್ಟುನಿಟ್ಟಾಗಿರಿ ಎಂದು ಹೇಳಿದ್ದು ಸರ್ಕಾರವೇ. ಅದನ್ನು ನಂಬಿ ಉಪಕರಣ ಕೊಂಡು, ಜನರನ್ನು ತರಬೇತುಗೊಳಿಸಿ, ಪರವಾನಗಿ ಪಡೆದ ಮೇಲೆ, ಆ ಕಟ್ಟುನಿಟ್ಟು ಇಲ್ಲದವನಿಗೂ ಅದೇ ಬಾಗಿಲು ತೆರೆದರೆ ಬೆಲೆಯಲ್ಲಿ ಸೋಲುವುದು ಖಚಿತ. ಕೈಗಾರಿಕಾ ವಸಾಹತುಗಳ ಸಣ್ಣ ಮಾಲೀಕರಿಗೂ ಈ ಅಳಲು ಅಪರಿಚಿತವಲ್ಲ. ಟೆಂಡರಿನಲ್ಲಿ ಪ್ರಮಾಣಪತ್ರ ಕಡ್ಡಾಯವೆಂದು ಬರೆದು, ಕಡೆಗೆ ಕನಿಷ್ಠ ದರದವನಿಗೇ ಕೆಲಸ ಕೊಡುವುದನ್ನು ಅವರು ಕಂಡಿದ್ದಾರೆ.

ತಿದ್ದುಪಡಿಯಾದದ್ದು ಸಂಹಿತೆಗೆ. ಪಟ್ಟಿಯ ಮೊದಲ ಸಂಖ್ಯೆ ಇಂದಿಗೂ ಖಾದಿಯ ಬಾವುಟದ್ದೇ. ಪರವಾನಗಿ ಇರುವ ಘಟಕ ಮುದ್ರೆ ಒತ್ತಬೇಕಾದರೆ ಅದೇ ಒಂಬತ್ತು ಅಳತೆ, ಅದೇ ಕೇಸರಿ. ಗರಗ, ತುಳಸಿಗೇರಿಗಳ ಮಗ್ಗಗಳಿಂದ ಇಳಿದ ಬಟ್ಟೆ ಬಣ್ಣದ ತೊಟ್ಟಿ ಕಾಣುವ ಮುನ್ನ ಈಗಲೂ ಪ್ರಯೋಗಾಲಯದಲ್ಲಿ ಪಾಸಾಗಬೇಕು.